ಭೂತಬಂಗಲೆಗೆ ದೀಪ ಹಚ್ಚಿದ್ದು

ನನ್ನ ಗಂಡ ಎರಡು ವಾರ ತೈಲ ತೆಗೆಯುವ ದ್ವೀಪದಲ್ಲಿರುತ್ತಾರೆ, ಎರಡು ವಾರ ಅಬುಧಾಬಿಯ ನಮ್ಮ ಮನೆಯಲ್ಲಿರುತ್ತಾರೆ. ಮದುವೆಯಾದಾಗಿನಿಂದ ಹೀಗೇ. ಊರಿನವರು ಕೇಳಿ "ಅಯ್ಯೋ ಪಾಪ" ಎನ್ನುತ್ತಾರೆ. ಪಾಪ ಎನ್ನುವಂಥದ್ದೇನೂ ಇಲ್ಲ. ಗಂಡ ಬರುವ ದಿನ ಒಂದು ಬಗೆಯ ಸುಖ, ಹೊರಡುವ ದಿನ ಇನ್ನೊಂದು ಬಗೆಯ ಸುಖ. ಎರಡನೆಯದನ್ನು ನಾನು ಇದುವರೆಗೆ ಯಾರೆದುರೂ ಒಪ್ಪಿಕೊಂಡಿರಲಿಲ್ಲ, ಈಗ ಬರೆದುಬಿಟ್ಟೆ.

ಕಷ್ಟ ಶುರುವಾದದ್ದು ಮಗಳಿಗೆ ಹನ್ನೆರಡು ತುಂಬಿದ ಮೇಲೆ. ಅಪ್ಪ ಬಂದರೆಂದರೆ ಲಿಫ್ಟಿನವರೆಗೆ ಓಡುತ್ತಿದ್ದ ಹುಡುಗಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೋಣೆಯಿಂದಲೇ ಕೈಬೀಸುವಂತಾದಳು. ಊಟದ ಹೊತ್ತಿಗೆ ಇವರು, "ಶಾಲೆ ಹೇಗುಂಟು ಮಗಾ?" ಎನ್ನುವರು. ಅವಳು "ಫೈನ್" ಎನ್ನುವಳು. "ಫ್ರೆಂಡ್ಸ್ ಎಲ್ಲ?" "ಫೈನ್." "ಸಾರು ಖಾರ ಆಯ್ತಾ?" ಅದಕ್ಕೂ "ಫೈನ್." ಇಷ್ಟಾಗುವಾಗ ಎರಡು ವಾರ ಮುಗಿದು ಇವರು ಚೀಲ ತುಂಬುತ್ತಿದ್ದರು. ಒಮ್ಮೆ ಹೊರಡುವ ಮುಂಚೆ ಬಾಗಿಲಲ್ಲಿ ಬಗ್ಗಿ ಶೂ ಕಟ್ಟಿಕೊಳ್ಳುತ್ತಾ, "ನಾನು ಈ ಮನೆಗೆ ವಿಸಿಟ್ ವೀಸಾದಲ್ಲಿ ಬಂದವನ ಹಾಗೆ ಆಗಿದ್ದೇನೆ ಮಾರಾಯ್ತಿ" ಅಂದರು. ನಗುತ್ತಲೇ ಅಂದರು. ನಾನು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡುವವಳು. ಅವತ್ತು ಇಡೀ ದಿನ ಒಬ್ಬರ ಫೈಲು ಇನ್ನೊಬ್ಬರ ಕಪಾಟಿಗೆ ಹೋಗುತ್ತಲೇ ಇತ್ತು.

ನಮ್ಮ ಮನೆಯ ಭಾಷೆಯ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ನಾನು ತುಳುವಿನವಳು, ಅವರು ಕುಂದಾಪುರದ ಕಡೆಯವರು. ಜಗಳದಲ್ಲಿ ಇಬ್ಬರಿಗೂ ಸಮಾನ ನ್ಯಾಯ ಸಿಗಲೆಂದು ಮನೆಯಲ್ಲಿ ಮಂಗಳೂರು ಕನ್ನಡ ಆಡುತ್ತೇವೆ. ಮಗಳು ಎಲ್ಲವನ್ನೂ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಹೀಗಿರುವಾಗ ದ್ವೀಪದಲ್ಲಿ ಇವರ ಜೊತೆಗಿದ್ದ ಫಿಲಿಪ್ಪೀನ್ಸಿನ ಟೆಕ್ನಿಶಿಯನ್ ಒಬ್ಬ ವೀಸಾ ಕ್ಯಾನ್ಸಲ್ ಮಾಡಿಸಿ ಖಾಯಂ ಆಗಿ ಊರಿಗೆ ಹೊರಟ. ಹೀಗೆ ಹೊರಡುವವರು ಸಾಮಾನನ್ನೆಲ್ಲ ಉಳಿದವರಿಗೆ ಹಂಚಿ ಹೋಗುವುದು ಇಲ್ಲಿನ ರೂಢಿ. ಒಬ್ಬನಿಗೆ ಅಕ್ಕಿ ಬೇಯಿಸುವ ಕುಕ್ಕರ್ ಹೋಯಿತು, ಇನ್ನೊಬ್ಬನಿಗೆ ಇಸ್ತ್ರಿಪೆಟ್ಟಿಗೆ. ನಮ್ಮವರ ಪಾಲಿಗೆ ಬಂದದ್ದು ಹಳದಿಗಟ್ಟಿದ ಒಂದು ವಿಡಿಯೋ ಗೇಮ್ ಪೆಟ್ಟಿಗೆ, ವೈರು ಸುತ್ತಿದ ಎರಡು ಕಂಟ್ರೋಲರ್, ಒಂದೇ ಒಂದು ಕ್ಯಾಸೆಟ್. ನನ್ನ ಕಾಲೇಜು ದಿನಗಳಿಗಿಂತಲೂ ಹಳೆಯದು. "ಇದರ ಧೂಳು ಯಾರು ಒರೆಸುವುದು?" ಎಂದು ನಾನು ಸೊಂಟಕ್ಕೆ ಕೈಯಿಟ್ಟು ಕೇಳಿದ್ದು ನೆನಪಿದೆ.

ಹೊಸ ಟಿವಿಗೆ ಆ ಹಳೆಯ ಪೆಟ್ಟಿಗೆಯನ್ನು ಜೋಡಿಸಲು ಇವರು ಮೂರು ಅಂಗಡಿ ತಿರುಗಿ ಒಂದು ಅಡಾಪ್ಟರ್ ತಂದರು. ಪರದೆಯ ಮೇಲೆ ಚೌಕ ಚೌಕ ಚುಕ್ಕಿಗಳಿಂದಾದ ಒಂದು ಬಂಗಲೆ ಮೂಡಿತು. ನೇರಳೆ ಆಕಾಶ, ಕಪ್ಪು ಕಿಟಕಿಗಳು, ಕರ್ಕಶವಾದ ಪಿಟೀಲಿನ ಹಾಗೆ ಒಂದು ಸದ್ದು. ಟೋಪಿ ಹಾಕಿದ ಒಬ್ಬ ಪುಟ್ಟ ಮನುಷ್ಯ ಆ ಮನೆಯೊಳಗೆ ಸಿಕ್ಕಿಬಿದ್ದಿದ್ದಾನೆ. ಕೋಣೆಯಿಂದ ಕೋಣೆಗೆ ಒಗಟು ಬಿಡಿಸುತ್ತಾ ಹೊರಬರಬೇಕು. ಸದ್ದು ಕೇಳಿ ಮಗಳು ಕೋಣೆಯಿಂದ ತಲೆ ಹೊರಹಾಕಿದಳು. ಹೆಡ್‌ಫೋನ್ ಕುತ್ತಿಗೆಗೆ ಇಳಿಯಿತು. "ವಾಟ್ ಈಸ್ ದಟ್?" ಎಂದಳು. ಐದು ನಿಮಿಷದಲ್ಲಿ ಸೋಫಾದಲ್ಲಿ ಅಪ್ಪನ ಪಕ್ಕ ಕಾಲು ಮಡಚಿ ಕೂತಿದ್ದಳು.

ಅಲ್ಲಿಂದ ಎಂಟು ತಿಂಗಳು ಅವರಿಬ್ಬರೂ ಆ ಬಂಗಲೆಯಲ್ಲೇ ಸಂಸಾರ ಮಾಡಿದರು ಎನ್ನಬೇಕು. ಅಪ್ಪ ದ್ವೀಪಕ್ಕೆ ಹೋದರೆ ಆಟ ಬಂದ್. ಅವರು ಬಂದ ಮೇಲೆಯೇ ಮುಂದಿನ ಕೋಣೆ. ಇದು ಇಬ್ಬರ ಒಪ್ಪಂದ. ಇವರ ಕೆಲಸವೋ ಸುರಕ್ಷತೆ ನೋಡಿಕೊಳ್ಳುವುದು. ದ್ವೀಪದಲ್ಲಿ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಇವತ್ತಿನ ಅಪಾಯಗಳೇನು ಎಂದು ಹೇಳಬೇಕು; ಅದಕ್ಕೆ ಟೂಲ್‌ಬಾಕ್ಸ್ ಟಾಕ್ ಎನ್ನುತ್ತಾರೆ. ಮನೆಯಲ್ಲೂ ಅದು ಶುರುವಾಯಿತು. ಆಟಕ್ಕೆ ಕೂರುವ ಮುಂಚೆ ಸಾಕ್ಸ್ ಹಾಕಿದ ಕಾಲಲ್ಲಿ ಎದ್ದು ನಿಂತು, "ಇವತ್ತು ಎರಡನೇ ಮಹಡಿ. ಅಪಾಯ ಒಂದು, ಮೆಟ್ಟಿಲು ಮುರಿದುಂಟು. ಅಪಾಯ ಎರಡು, ಅಡುಗೆಯವಳ ಭೂತ. ಇಂಟರ್ನೆಟ್ ನೋಡಿ ಉತ್ತರ ಹುಡುಕಿದವರ ಪರ್ಮಿಟ್ ಕ್ಯಾನ್ಸಲ್!" ಎನ್ನುವರು. ಮಗಳು ಸೆಲ್ಯೂಟ್ ಹೊಡೆಯುವಳು. ಒಂದು ನೋಟ್‌ಬುಕ್ಕಿನಲ್ಲಿ ಇಡೀ ಬಂಗಲೆಯ ನಕ್ಷೆ ಬರೆದಿಟ್ಟಿದ್ದರು. ಅದರ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ನಿಯಮ: ಹೊರಡುವ ಮುಂಚೆ ರಿಜಿಸ್ಟರ್‌ನಲ್ಲಿ ಸಹಿ ಹಾಕಬೇಕು. ಬಂಗಲೆಯ ಮೇಜಿನ ಮೇಲೊಂದು ರಿಜಿಸ್ಟರ್ ಇದೆ. ಅದಕ್ಕೆ ಸಹಿ ಹಾಕಿದರೆ ಆಟ ಎಲ್ಲಿಗೆ ನಿಂತಿತೆಂದು ಕ್ಯಾಸೆಟ್ ನೆನಪಿಟ್ಟುಕೊಳ್ಳುತ್ತದೆ. ಆದರೆ ಅದಕ್ಕಿರುವುದು ಒಂದೇ ನೆನಪು. ಹೊಸ ಸಹಿ ಹಾಕಿದರೆ ಹಳೆಯದು ಅಳಿದುಹೋಗುತ್ತದೆ.

ನಾನು ಪ್ರೇಕ್ಷಕಿ. ಬಟಾಣಿ ಸುಲಿಯುತ್ತಾ ನೋಡುತ್ತಿದ್ದೆ, ನೋಡಿ ಸುಮ್ಮನಿರುತ್ತಿರಲಿಲ್ಲ. "ಇಷ್ಟು ದೊಡ್ಡ ಮನೆಗೆ ಒಂದು ಬಚ್ಚಲಿಲ್ಲವಾ?" "ಆ ಅಡುಗೆಯವಳು ಯಾಕೆ ಹಾಗೆ ಅಲೆಯುವುದು, ಅವಳಿಗೆ ಯಾರಾದರೂ ಒಂದು ಲೋಟ ನೀರು ಕೊಟ್ಟಿದ್ದಾರಾ?" ನಮ್ಮ ಊರಿನಲ್ಲಿ ಭೂತವನ್ನು ವರ್ಷಕ್ಕೊಮ್ಮೆ ಕರೆದು, ಹೂವು, ಅಡಿಕೆಯ ಹಿಂಗಾರ ಕೊಟ್ಟು, ಕಷ್ಟಸುಖ ಹೇಳಿಕೊಳ್ಳುವುದು ಪದ್ಧತಿ. ಕಂಡ ಕೂಡಲೇ ಓಡುವುದು ನನಗೆ ಮರ್ಯಾದೆಯಾಗಿ ಕಾಣಲಿಲ್ಲ. ಮಗಳು ಕಣ್ಣು ಮೇಲೆ ಮಾಡಿ, "ಅಮ್ಮಾ, ಪ್ಲೀಸ್, ಇಟ್ಸ್ ಜಸ್ಟ್ ಪಿಕ್ಸೆಲ್ಸ್" ಎನ್ನುವಳು. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿ ನಗುವರು. ನನಗೆ ಸಂತೋಷವೂ ಆಗುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ಹೆತ್ತವಳು ನಾನು, ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಸಾಯುವವಳು ನಾನು, ನಗು ಮಾತ್ರ ಅವರಿಗೆ.

ಕೊನೆಗೆ ಅವರು ನೆಲಮಾಳಿಗೆಯ ಬಾಗಿಲಿಗೆ ಬಂದು ನಿಂತರು. ಅದರೊಳಗೆ ಐದು ಗಂಟೆಗಳಿವೆ. ಸರಿಯಾದ ಕ್ರಮದಲ್ಲಿ ಐದನ್ನೂ ಬಾರಿಸಿದರೆ ಟೋಪಿಯ ಮನುಷ್ಯ ಪಾರು, ಆಟ ಮುಗಿಯಿತು. ಆದರೆ ಕೆಳಗೆ ಗವ್ವೆನ್ನುವ ಕತ್ತಲೆ. ಒಂದೊಂದು ಗಂಟೆಗೂ ಒಂದೊಂದು ಬೆಂಕಿಕಡ್ಡಿ ಗೀರಬೇಕು. ಇಡೀ ಬಂಗಲೆಯಲ್ಲಿ ಸಿಗುವುದು ಇಪ್ಪತ್ತೇ ಕಡ್ಡಿ. ಅಡುಗೆಯವಳನ್ನು ಹಿಂದೆ ಸರಿಸಲು ಅಲ್ಲಲ್ಲಿ ಗೀರಿ, ಇವರ ಬಳಿ ಏಳು ಉಳಿದಿದ್ದವು. ಕ್ರಮ ಗೊತ್ತಾಗದೆ ಇಳಿಯುವಂತಿಲ್ಲ. ಎರಡು ರಜೆ ಪೂರ್ತಿ ಅಪ್ಪ ಮಗಳು ನೋಟ್‌ಬುಕ್ಕಿನ ಮೇಲೆ ತಲೆಗೆ ತಲೆ ತಾಗಿಸಿ ಕೂತು ಗಂಟೆಗಳ ಲೆಕ್ಕಾಚಾರ ಮಾಡಿದರು. ಬಗೆಹರಿಯಲಿಲ್ಲ. ಇವರು ದ್ವೀಪಕ್ಕೆ ಹೋದರು.

ಇನ್ನು ನಾನು ಮಾಡಿದ ಘನಕಾರ್ಯ. ಅದಕ್ಕೆ ಮೊದಲು ನಮ್ಮ ಮನೆಯ ದೀಪದ ವಿಷಯ ಹೇಳಬೇಕು. ಹಮ್ದಾನ್ ಸ್ಟ್ರೀಟಿನ ಹಿಂದಿನ ಕಟ್ಟಡದಲ್ಲಿ ಒಂಬತ್ತನೇ ಮಹಡಿಯ ನಮ್ಮ ಮನೆಯಲ್ಲಿ ಹೊಗೆ ಕಂಡರೆ ಕೂಗುವ ಯಂತ್ರ ಸರಿಯಾಗಿ ದೇವರ ಗೂಡಿನ ಮೇಲೆಯೇ ಇದೆ. ಬಂದ ಹೊಸತರಲ್ಲಿ ಎಣ್ಣೆ ದೀಪ ಹಚ್ಚಿ ಊದುಬತ್ತಿ ಇಟ್ಟೆ. ಇಡೀ ಕಟ್ಟಡವೇ ಕೂಗಿಕೊಂಡಿತು. ನಾತೂರ್, ಅಂದರೆ ಕಟ್ಟಡದ ಕಾವಲಿನವನು, ಒಂಬತ್ತು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಾ, "ಮೇಡಂ, ಧುವಾಂ ಮಾಫಿ! ಖಲಾಸ್!" ಎಂದು, ಹೊಗೆ ಕೂಡದು, ಇಲ್ಲಿಗೇ ಮುಗಿಸಿ ಎಂದು ಕೈಮುಗಿದ. ಅಂದಿನಿಂದ ನಮ್ಮ ದೇವರಿಗೆ ಬ್ಯಾಟರಿ ದೀಪ. ಸ್ವಿಚ್ ಒತ್ತಿದರೆ ಪ್ಲಾಸ್ಟಿಕ್ ಜ್ವಾಲೆಯೊಂದು ತಲೆಯಲ್ಲಾಡಿಸುತ್ತದೆ. ದೇವರು ಅದನ್ನು ಸಹಿಸಿಕೊಂಡಿದ್ದಾನೆ, ನನಗೆ ಮಾತ್ರ ಆಗಿಬರಲಿಲ್ಲ. ಮೂರ್ಸಂಜೆಗೆ ಕಡ್ಡಿ ಗೀರಿ ಬತ್ತಿಗೆ ತಾಗಿಸದಿದ್ದರೆ ದಿನ ಮುಗಿದ ಹಾಗೇ ಅನ್ನಿಸುವುದಿಲ್ಲ.

ಆ ಶನಿವಾರ ಮಗಳು ಮೂರನೇ ಮಹಡಿಯ ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿದ್ದಳು. ಮಸೀದಿಯಿಂದ ಸಂಜೆಯ ಬಾಂಗ್ ಕೇಳಿಸಿತು. ನಾನು ಬ್ಯಾಟರಿ ದೀಪದ ಸ್ವಿಚ್ ಒತ್ತಿ, ಸೋಫಾಕ್ಕೆ ಬಂದು, ಯಾರೂ ಇಲ್ಲವೆಂದು ಎರಡು ಸಲ ಖಾತ್ರಿ ಮಾಡಿಕೊಂಡು ಆಟದ ಪೆಟ್ಟಿಗೆ ಹಾಕಿದೆ. ಹಾಳು ಮಾಡುವ ಉದ್ದೇಶ ಖಂಡಿತ ಇರಲಿಲ್ಲ. ಒಂದು ಸುತ್ತು ಹೋಗಿಬರುವುದು, ಅವರು ಬಂದಾಗ ನಾನೂ ಒಂದು ಮಾತು ಸೇರಿಸುವುದು, ಅಷ್ಟೇ.

ಟೋಪಿಯ ಮನುಷ್ಯ ನಡುಮನೆಯಲ್ಲಿ ನಿಂತಿದ್ದ. ಕಿಟಕಿಯ ಆಚೆ ನೇರಳೆ ಮುಸ್ಸಂಜೆ. ನಮ್ಮ ಕಿಟಕಿಯ ಆಚೆಯೂ ಅದೇ ಬಣ್ಣ. ಗೋಡೆಯ ಬಳಿ ದೀಪದ ಕಂಬವೊಂದಿತ್ತು. ಹತ್ತಿರ ಹೋದರೆ ಪರದೆ ಕೇಳಿತು: ದೀಪ ಹಚ್ಚುವಿರಾ? ಎಂಟು ತಿಂಗಳಿಂದ ಅಪ್ಪ ಮಗಳು ಈ ಪ್ರಶ್ನೆಗೆ ಬೇಡವೆನ್ನುತ್ತಲೇ ಬಂದಿದ್ದರು. ದೀಪದಿಂದ ಆಟಕ್ಕೆ ಯಾವ ಉಪಯೋಗವೂ ಇಲ್ಲ, ಕೋಣೆ ಸ್ವಲ್ಪ ಬೆಳಗುತ್ತದೆ, ಕಡ್ಡಿ ದಂಡ. ಮೂರ್ಸಂಜೆಯಲ್ಲಿ, ಕೈಯಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡು, ಬೇಡ ಎನ್ನಲು ನನ್ನ ಹೆಬ್ಬೆರಳಿಗೆ ಸಾಧ್ಯವಾಗಲಿಲ್ಲ. ಒತ್ತಿಬಿಟ್ಟೆ. ಚರ್ರೆಂದಿತು. ಮೂರು ಹಳದಿ ಚುಕ್ಕಿಯ ಜ್ವಾಲೆ ಹತ್ತಿಕೊಂಡು, ಗೋಡೆಯೆಲ್ಲ ಅರಿಶಿನ ಬಳಿದಂತಾಯಿತು. ನನ್ನ ಕೈ ತಾನಾಗಿ ಮುಗಿಯಿತು. ನಗಬೇಡಿ, ನಿಜವಾಗಿ ಮುಗಿಯಿತು.

ನಡುಮನೆಗೆ ಹಚ್ಚಿದ ಮೇಲೆ ಹೆಬ್ಬಾಗಿಲಿಗೆ ಹಚ್ಚದೆ ಇರುವುದುಂಟೇ? ಹೆಬ್ಬಾಗಿಲಾದ ಮೇಲೆ ಮೆಟ್ಟಿಲು. ಊಟದ ಕೋಣೆ. ಮಕ್ಕಳ ಕೋಣೆಯನ್ನು ಕತ್ತಲಲ್ಲಿ ಬಿಡಬಾರದು. ಹಿತ್ತಿಲ ಬಾಗಿಲು. ಕೊನೆಗೆ ಅಡುಗೆಮನೆ, ಅಲ್ಲಿ ಆ ಮುಖವಿಲ್ಲದ ಅಡುಗೆಯವಳು ನನ್ನತ್ತಲೇ ಬರುತ್ತಿದ್ದಳು. "ತಡಿ ಮಾರಾಯ್ತಿ, ಹಚ್ಚಿಕೊಡ್ತೇನೆ" ಎಂದು ಗಟ್ಟಿಯಾಗಿ ಹೇಳಿದೆ. ದೀಪ ಹತ್ತಿದ್ದೇ ಅವಳು ಅಲ್ಲೇ ನಿಂತಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮನೆಯ ನಿಯಮ ಪಾಲಿಸಿಯೇ ಹೊರಡೋಣವೆಂದು ನೇರವಾಗಿ ಮೇಜಿನ ಬಳಿ ಹೋಗಿ ರಿಜಿಸ್ಟರ್‌ಗೆ ಸಹಿ ಹಾಕಿದೆ.

ಆಮೇಲೆ ಪರದೆಯ ಮೂಲೆ ನೋಡಿದೆ. ಬೆಂಕಿಪೊಟ್ಟಣದ ಚಿತ್ರದ ಪಕ್ಕ ಸೊನ್ನೆ.

ಇಡೀ ಬಂಗಲೆ ಮತ್ತೆ ತಿರುಗಿದೆ, ಒಂದು ಕಡ್ಡಿ ಸಿಗಲಿಲ್ಲ. ಪೆಟ್ಟಿಗೆ ಆರಿಸಿ ಹಾಕಿದೆ, ಸಹಿ ಸಹಿಯೇ. ಎಂಟು ತಿಂಗಳಿಂದ ಅಪ್ಪ ಮಗಳು ಕಟ್ಟಿದ್ದನ್ನು ನಾನು ಒಂದು ಸಂಜೆಗೆ ಎಣ್ಣೆಯಿಲ್ಲದೆ ಉರಿಸಿಬಿಟ್ಟಿದ್ದೆ. ಆಟ ಹಾಳಾದರೆ ಹಾಳಾಗಲಿ, ನನ್ನ ಹೆದರಿಕೆ ಅದಲ್ಲ. ಮಗಳು ಸಿಟ್ಟಿನಿಂದ ಹೆಡ್‌ಫೋನ್ ಮತ್ತೆ ಕಿವಿಗೇರಿಸಿದರೆ? ಊಟದ ಮೇಜಿನಲ್ಲಿ ಮತ್ತೆ ಆ 'ಫೈನ್' ಶುರುವಾದರೆ? ಇವರು ಬಾಗಿಲಲ್ಲಿ ಬಗ್ಗಿ ಶೂ ಕಟ್ಟಿಕೊಳ್ಳುವ ಬೆನ್ನು ಕಣ್ಣೆದುರು ಬಂತು.

ಮರುದಿನ ಮಧ್ಯಾಹ್ನ ಇವರು ಫೋನ್ ಮಾಡಿದರು. "ಎಂತ ಸುದ್ದಿ? ಬಂಗಲೆ ಹೇಗುಂಟು?" ಎಂದು ತಮಾಷೆಗೆ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. "ಬಂಗಲೆಗೆ ಎಂತ ಆಗ್ತದೆ? ನಾನ್ಯಾಕೆ ಬಂಗಲೆಗೆ ಹೋಗ್ಲಿ?" ಎಂದು ಕಿರುಚಿದೆ. ಅವರು, "ಬಿಸಿಲು ಜಾಸ್ತಿಯಾ ಅಲ್ಲಿ?" ಎಂದರು.

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಮಗಳು ಶಾಲೆಯ ಬಸ್ಸಿಳಿದು ಬರುವಷ್ಟರಲ್ಲಿ ಬನ್ಸ್ ಕರಿದಿಟ್ಟೆ. ಬಾಳೆಹಣ್ಣಿನ ಪರಿಮಳಕ್ಕೆ ಅವಳು ಬಾಗಿಲಲ್ಲೇ ನಿಂತಳು. "ವೀಕ್‌ಡೇ ಬನ್ಸ್? ಅಮ್ಮಾ, ಹೂ ಡೈಡ್?"

"ಯಾರೂ ಸತ್ತಿಲ್ಲ. ಕೂತ್ಕೋ. ತಿಂದ ಮೇಲೆ ಹೇಳ್ತೇನೆ."

ತಿಂದ ಮೇಲೆ ಹೇಳಿದೆ. ಅವಳು ಎದ್ದು ಆಟ ಹಾಕಿದಳು. ಕೋಣೆಯಿಂದ ಕೋಣೆಗೆ ನಿಧಾನವಾಗಿ ನಡೆದಳು. ಎಲ್ಲ ಕಡೆ ದೀಪ. ಅಡುಗೆಮನೆಯಲ್ಲಿ ಆ ಹೆಂಗಸು ದೀಪದ ಪಕ್ಕ ನೆಟ್ಟಗೆ ನಿಂತಿದ್ದಳು, ಅಲೆಯುತ್ತಿರಲಿಲ್ಲ. ಮಗಳು ಅವಳನ್ನು ತುಂಬ ಹೊತ್ತು ನೋಡಿದಳು. ನಾನು ಅವಳ ಹೆಗಲನ್ನು ನೋಡುತ್ತಿದ್ದೆ; ಅದು ಅಲ್ಲಾಡತೊಡಗಿತು. ಅಳುತ್ತಿದ್ದಾಳೆಂದುಕೊಂಡು ಹತ್ತಿರ ಹೋದರೆ, ನಗು. ಹೊಟ್ಟೆ ಹಿಡಿದುಕೊಂಡು ನಗು.

"ಸೆವೆನ್ ಲ್ಯಾಂಪ್ಸ್! ಅಮ್ಮಾ, ಯು ಡಿಡ್ ದೀಪಾವಳಿ ಇನ್ ಎ ಹಾಂಟೆಡ್ ಹೌಸ್!"

"ಸಿಟ್ಟು ಬರ್ಲಿಲ್ವಾ ನಿಂಗೆ?"

ಅವಳು ಕಂಟ್ರೋಲರ್ ತೊಡೆಯ ಮೇಲಿಟ್ಟು ವೈರು ಸುತ್ತತೊಡಗಿದಳು. ನಂತರ ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು: "ಗಂಟೆಯ ಆರ್ಡರ್ ನಂಗೆ ಗೊತ್ತುಂಟು ಅಮ್ಮ. ಮೆಟ್ಟಿಲ ಹತ್ರ ಫೋಟೋ ಉಂಟಲ್ಲ, ಆ ಫ್ಯಾಮಿಲಿದು? ಸಣ್ಣವರಿಂದ ದೊಡ್ಡವರಿಗೆ. ಲಾಸ್ಟ್ ರಜೆಯ ಮುಂಚಿನ ರಜೆಯಲ್ಲೇ ಗೊತ್ತಾಗಿತ್ತು."

"ಮತ್ತೆ ಪಪ್ಪನಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆಟ ಮುಗೀತದಲ್ಲ. ಮುಗಿದ್ರೆ ಪಪ್ಪ ಪುನಃ ಶಾಲೆ ಹೇಗುಂಟು ಅಂತ ಕೇಳ್ತಾರೆ." ವೈರನ್ನು ಇನ್ನೊಂದು ಸುತ್ತು ಸುತ್ತಿದಳು. "ಐ ನೆವರ್ ನೋ ವಾಟ್ ಟು ಸೇ."

ನಾನು ಅವಳನ್ನು ಗಟ್ಟಿಯಾಗಿ ಅಪ್ಪಿಕೊಂಡೆ. ಕೈಯೆಲ್ಲ ಬನ್ಸಿನ ಎಣ್ಣೆಯಿತ್ತು, ಅವಳ ಯೂನಿಫಾರ್ಮಿಗೆ ಹತ್ತಿತು. "ಅಮ್ಮಾ, ಯಕ್!" ಎಂದು ಕೊಸರಿಕೊಂಡರೂ ತಳ್ಳಲಿಲ್ಲ. ನನಗೆ ಅಳು ಬಂತು. ಎರಡು ದಿನದ ಹೆದರಿಕೆಯೂ ಎಂಟು ತಿಂಗಳ ಹೊಟ್ಟೆಕಿಚ್ಚೂ ಒಟ್ಟಿಗೇ ಹೊರಟುಹೋದವು. ಆಟದ ಹುಚ್ಚು ಎಂದುಕೊಂಡಿದ್ದೆನಲ್ಲ, ಇವಳಿಗೆ ಬೇಕಾಗಿದ್ದದ್ದು ಅಪ್ಪನ ಪಕ್ಕ ಕೂರಲು ಒಂದು ನೆಪ.

ಮುಂದಿನ ವಾರ ಇವರು ಬಂದರು. ಶೂ ಬಿಚ್ಚುವ ಮೊದಲೇ ಬಾಗಿಲಲ್ಲಿ ನಿಲ್ಲಿಸಿ ನನ್ನ ಅಪರಾಧವನ್ನು ಒಪ್ಪಿಸಿದೆ. ಮಗಳ ಗುಟ್ಟನ್ನು ಮಾತ್ರ ಹೇಳಲಿಲ್ಲ. ಇವರು ಚೀಲ ಕೆಳಗಿಟ್ಟು ಕೇಳಿದರು, "ಒಂದೂ ಕಡ್ಡಿ ಇಲ್ವಾ?"

"ಒಂದೂ ಇಲ್ಲ."

"ಸಹಿ ಹಾಕಿ ಬಂದ್ಯಾ?"

"ನಿಮ್ಮ ನಿಯಮವೇ ಅಲ್ವಾ ಮಾರಾಯ್ರೆ?"

ಅವರ ಮುಖದಲ್ಲಿ ಬೇಸರ ಹುಡುಕಿದೆ, ಸಿಗಲಿಲ್ಲ. ಹೆಲ್ಮೆಟ್ಟಿನ ಗುರುತು ಬಿದ್ದ ಹಣೆಯನ್ನು ಉಜ್ಜಿಕೊಂಡು, "ಹಾಗಾದ್ರೆ ಮೊದಲಿನಿಂದ ಶುರು ಮಾಡ್ಬೇಕು, ಬೇರೆ ದಾರಿ ಇಲ್ಲ" ಎಂದರು. ಬೇರೆ ದಾರಿ ಇಲ್ಲ ಎನ್ನುವವರ ಧ್ವನಿ ಅಷ್ಟು ಉಲ್ಲಾಸದಿಂದ ಇರುವುದನ್ನು ನಾನು ಕೇಳಿರಲಿಲ್ಲ. ಸ್ನಾನ ಮುಗಿಸಿ ಬಂದು, ದ್ವೀಪದಲ್ಲಿ ಅವಘಡವಾದಾಗ ಬರೆಯುವಂತೆ ನೋಟ್‌ಬುಕ್ಕಿನಲ್ಲಿ ಒಂದು ವರದಿ ಬರೆದರು. ನಷ್ಟ: ಏಳು ಕಡ್ಡಿ. ಗಾಯಗೊಂಡವರು: ಇಲ್ಲ. ಕಾರಣ: ಮೂರ್ಸಂಜೆ. ಮುಂದೆ ಕೈಗೊಳ್ಳುವ ಕ್ರಮ: ಹೆಂಡತಿಯನ್ನೂ ತಂಡಕ್ಕೆ ಸೇರಿಸಿಕೊಳ್ಳುವುದು. ನನ್ನಿಂದ ಕೆಳಗೆ ರುಜು ಹಾಕಿಸಿದರು. ಮಗಳು ಸಾಕ್ಷಿ.

ಆಟ ಹೊಸದಾಗಿ ಶುರುವಾಯಿತು. ಸೋಫಾದಲ್ಲಿ ನನಗೆ ನಡುವಿನ ಜಾಗ. ಬಂಗಲೆಯ ಮೊದಲ ಬಾಗಿಲು ತೆರೆಯಬೇಕಾದರೆ ಪಕ್ಕದ ಗೋಡೆ ಗಡಿಯಾರದಲ್ಲಿ ಸರಿಯಾದ ಹೊತ್ತನ್ನು ಕೂರಿಸಬೇಕು. ಎಂಟು ತಿಂಗಳ ಹಿಂದೆ ಇಬ್ಬರೂ ಸೇರಿ ಹತ್ತು ನಿಮಿಷದಲ್ಲಿ ಬಿಡಿಸಿ, ಕೈಗೆ ಕೈ ತಟ್ಟಿದ್ದ ಒಗಟು ಅದು. ಆರೂ ಇಪ್ಪತ್ತು. ಬಟಾಣಿ ಸುಲಿಯುತ್ತಾ ನೋಡಿದ ನನಗೇ ನೆನಪಿತ್ತು.

ಇವರು ಗಲ್ಲ ಕೆರೆದುಕೊಂಡರು. ದ್ವೀಪದ ಒಂದೊಂದು ವಾಲ್ವಿನ ನಂಬರನ್ನೂ ಬಾಯಿಪಾಠ ಹೇಳುವ ಮನುಷ್ಯ, "ಎಷ್ಟು ಗಂಟೆ ಇಟ್ಟದ್ದು ನಾವು? ಮರ್ತೇ ಹೋಯ್ತಲ್ಲ ಮಗಾ" ಎಂದರು.

ಮಗಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಂಗೂ ನೆನಪಿಲ್ಲ ಪಪ್ಪಾ. ಒಂಬತ್ತು ಗಂಟೆ ಟ್ರೈ ಮಾಡುವಾ?"

ಒಂಬತ್ತು ಇಟ್ಟರು, ತೆರೆಯಲಿಲ್ಲ. ಹನ್ನೆರಡು ಇಟ್ಟರು, ತೆರೆಯಲಿಲ್ಲ. ಇವರು ನಿಟ್ಟುಸಿರು ಬಿಟ್ಟು ಹಿಂದಕ್ಕೆ ಒರಗಿದರು. ಅವಳು ಕಾಲು ಮಡಚಿ ಇನ್ನೂ ಹತ್ತಿರ ಸರಿದಳು. ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

"ನಿನಗೆ ನೆನಪುಂಟಾ?" ಎಂದು ಇವರು ಕೇಳಿದರು.

ನಾನು ಸ್ವಲ್ಪ ಹೊತ್ತು ಯೋಚಿಸುವವಳ ಹಾಗೆ ಮಾಡಿ, "ಎಂಟೂವರೆ ಇಟ್ಟು ನೋಡಿ" ಎಂದೆ.